ಗಾಡಿ ಕಾದ ಮ್ಯಾಲೆ ನಡುದಾರ್ಯಾಗ ಬಂದ್ ಬೀಳ್ತೈತಿ, ಆರಿದ್ರ ತಾನ ಚಾಲೂ: ಎಲ್ಲಿಂದ ಹುಡುಕೋದು?

ನವನಗರದಾಂವ · ಸೋಮವಾರ, ಸಂಜೆ 7:10
ನಮಸ್ಕಾರ್ರಿ ಎಲ್ಲಾರಿಗೂ. 2004ರ ಪೆಟ್ರೋಲ್ ಕಾರು, 1.1 ಲೀಟರ್, 4 ಸಿಲಿಂಡರ್, ಎಂಪಿಎಫ್‌ಐ (ಕಾರ್ಬುರೇಟರ್ ಇಲ್ಲ, ಸಿಲಿಂಡರಿಗೊಂದು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಸತೈತಿ). ಕಂಪನಿ ಹೆಸರು ಹಾಕಂಗಿಲ್ರಿ. ಹಾಕಿದ್ರ ಹೋದ ಸಲದಂಗ "ನಮ್ಮ ಕಂಪನಿ ಚೊಲೋ, ನಿಮ್ಮದು ಡಬ್ಬಿ" ಅಂತ ಜಗಳಾನ ಮುಗಿಯಂಗಿಲ್ಲ.
ಮುಂಜಾನೆ ಒಂದ ಸಲ ಸೆಲ್ಫ್ (ಸ್ಟಾರ್ಟರ್ ಮೋಟರ್) ಹೊಡದ್ರ ಚಾಲೂ, ಊರಾಗ ಏನೂ ತಕರಾರಿಲ್ಲ. ಹುಬ್ಬಳ್ಳಿ ಬಿಟ್ಟು ಗದಗ ದಾರಿ ಹಿಡದ್ರ 40–45 ಮಿನಿಟಿಗೆ, ಅಣ್ಣಿಗೇರಿ ಆಸುಪಾಸು ಬಂದಾಗ, ಇಂಜಿನ್ ಬಂದ್. ಸೆಲ್ಫ್ ಜೋರ ತಿರಗತೈತಿ, ಹತ್ತಂಗಿಲ್ಲ. 15–20 ಮಿನಿಟ್ ನೆರಳಾಗ ನಿಲ್ಲಿಸಿದ್ರ ಏನೂ ಆಗೇ ಇಲ್ಲ ಅನ್ನೋಹಂಗ ಚಾಲೂ. ಈತನಕ ಹಾಕಿಸಿದ್ದು: 4 ಪ್ಲಗ್, ಪೆಟ್ರೋಲ್ ಫಿಲ್ಟರ್, ಏರ್ ಫಿಲ್ಟರ್, ಥ್ರಾಟಲ್ ಬಾಡಿ ಕ್ಲೀನಿಂಗ್. ರೊಕ್ಕ ಹೋತು, ರೋಗ ಹೋಗಲಿಲ್ಲ. ಮುಂದೇನು ಹಿಡೀಲಿ?

ಗೋಕುಲರೋಡ್_14 · 7:18
ಪೆಟ್ರೋಲ್ ಪಂಪ್ ಹೋಗೇತಿ. ಬದಲಿ ಮಾಡ್ರಿ, ಮುಗೀತು.

ಸ್ಪ್ಯಾನರ್_ಕಾಕಾ · 7:31
ತಮ್ಮಾ 14, ಬಡಬಡ ಪಂಪಿಗೆ ಹೋಗಬ್ಯಾಡ. ನವನಗರದವ್ರ, ಮೊದಲ ನಾಕ್ ಮಾತು ಹೇಳ್ರಿ.
ಬಂದ್ ಬೀಳೂಮುಂದ ಜರ್ಕ್ ಹೊಡದು, ಪಿಕಪ್ ಕಳಕೊಂಡು, ಕೆಮ್ಮಿ ಕೆಮ್ಮಿ ಸಾಯ್ತೈತೋ, ಇಲ್ಲಾ ಕೀಲಿ ತಿರುವಿದಂಗ ಒಮ್ಮೆಲೆ ಸಾಯ್ತೈತೋ?
ಸತ್ತಾಗ ಮೀಟರ್ ಬೋರ್ಡಿನ್ಯಾಗ ಆಯಿಲ್, ಬ್ಯಾಟರಿ ದೀಪಾ ಹತ್ತತಾವೋ, ಬೋರ್ಡ ಪೂರಾ ಕತ್ತಲಾಗತೈತೋ?
ಆರ್‌ಪಿಎಂ ಮೀಟರ್ ಐತೇನು? ಇದ್ರ ಮುಳ್ಳು ಸಾವಕಾಶ ಇಳೀತೈತೋ, ದಬಕ್ನ ಸೊನ್ನಿಗೆ ಬೀಳ್ತೈತೋ?
ಬಂದ್ ಬಿದ್ದ ಹೊತ್ತಿನ್ಯಾಗ ಕೀಲಿ ಆನ್ ಮಾಡಿದ್ರ ಹಿಂದಿನ ಸೀಟಿನ ಕೆಳಗ ಪಂಪ್ 2 ಸೆಕೆಂಡ್ "ಗುಂಯ್" ಅಂತೈತೋ?
ಕೆಮ್ಮಿ ಸತ್ರ ಪೆಟ್ರೋಲಿನ ಕಡೆ. ಒಮ್ಮೆಲೆ ಸತ್ರ ಕರೆಂಟಿನ ಕಡೆ. ನೂರಕ್ಕ ನೂರು ಅಲ್ಲ, ಆದ್ರ ಹುಡಕೋ ದಿಕ್ಕು ಇದ. ಬೋರ್ಡ್ ಪೂರಾ ಕತ್ತಲಾದ್ರ ಇಗ್ನಿಷನ್ ಸ್ವಿಚ್, ಬ್ಯಾಟರಿ ಟರ್ಮಿನಲ್, ಮೇನ್ ಫ್ಯೂಸು ಬಿಟ್ಟು ಬ್ಯಾರೆ ಎಲ್ಲೂ ನೋಡಬ್ಯಾಡ್ರಿ.

ನವನಗರದಾಂವ · 7:44
ಒಮ್ಮೆಲೆ ಸಾಯ್ತೈತ್ರಿ ಕಾಕಾ, ಜರ್ಕ್ ಇಲ್ಲ. ಎರಡೂ ದೀಪಾ ಹತ್ತತಾವು. ಮುಳ್ಳಿನ ಕಡೆ ಲಕ್ಷ್ಯ ಕೊಟ್ಟಿಲ್ಲ, ಆ ಹೊತ್ತಿನ್ಯಾಗ ಹಿಂದ ಬರೋ ಲಾರಿ ಕಡೆ ಇರತೈತ್ರಿ ಲಕ್ಷ್ಯ. ಪಂಪಿನ ಸಪ್ಪಳ ಬರತೈತಿ.

ಗೋಕುಲರೋಡ್_14 · 7:50
ಸಪ್ಪಳ ಬಂದ್ರ ಪ್ರೆಷರ್ ಐತಿ ಅಂತೇನಲ್ಲ.

ಸ್ಪ್ಯಾನರ್_ಕಾಕಾ · 7:53
ಖರೆ ಮಾತು. ಗೇಜ್ ಹಚ್ಚಬೇಕು. ಇಂಥಾ ಎಂಪಿಎಫ್‌ಐ ಗಾಡಿಗೆ ಸಾಧಾರಣ 2.5ರಿಂದ 3.5 ಬಾರ್ ನಡುವ ಇರತೈತಿ, ಬರೋಬ್ಬರಿ ಅಂಕಿ ಆ ಮಾಡೆಲ್ಲಿನ ಪುಸ್ತಕದಾಗ ನೋಡ್ರಿ. ಪೈಪ್ ಬಿಚ್ಚೂಕ್ಕಿಂತ ಮೊದಲ ಪಂಪಿನ ಫ್ಯೂಸ್ ತಗದು, ಇಂಜಿನ್ ಚಾಲೂ ಮಾಡಿ ತಾನ ಸಾಯೂತನಕ ಬಿಡ್ರಿ, ಲೈನಿನ ಪ್ರೆಷರ್ ಇಳೀತೈತಿ. ಇಲ್ಲಂದ್ರ ಬಿಸಿ ಸೈಲೆನ್ಸರ್ ಮ್ಯಾಲೆ ಪೆಟ್ರೋಲ್ ಚಿಮ್ಮತೈತಿ.

ಎರಿಹೊಲ_ಗದಗ · 8:02
ಒಂದು ಪುಕ್ಕಟೆ ಟೆಸ್ಟ್: ಬಂದ್ ಬಿದ್ದ ಕೂಡ್ಲೆ ಟ್ಯಾಂಕಿನ ಮುಚ್ಚಳಾ ತಗೀರಿ. "ಉಸ್ಸ್" ಅಂತ ಜೋರ ಗಾಳಿ ಒಳಗ ಎಳಕೊಂಡ್ರ ಟ್ಯಾಂಕಿನ ಗಾಳಿ ದಾರಿ ಕಟ್ಟೇತಿ. ಪೆಟ್ರೋಲ್ ಖಾಲಿ ಆದಂಗ ಟ್ಯಾಂಕಿನ್ಯಾಗ ವ್ಯಾಕ್ಯೂಮ್ ಬೀಳ್ತೈತಿ, ಪಂಪಿಗೆ ಎಳಿಲಿಕ್ಕೆ ಆಗಂಗಿಲ್ಲ. ನಮ್ಮ ಕಡೆ ಎರಿ ಮಣ್ಣಿನ ಧೂಳಕ್ಕ ಮುಚ್ಚಳದ ವಾಲ್ವು, ವೆಂಟ್ ಪೈಪು ಮೆತ್ತಿಕೊಳ್ಳೋದು ಮಾಮೂಲಿ. ಲಕ್ಷಣಾನೂ ಹಿಂಗ: ಒಂದ್ ತಾಸು ಓಡಿ ನಿಲ್ಲೋದು, ಸ್ವಲ್ಪ ಹೊತ್ತು ಬಿಟ್ರ ಮತ್ತ ಓಡೋದು.

ಸ್ಪ್ಯಾನರ್_ಕಾಕಾ · 8:05
ಚೊಲೋ ಟೆಸ್ಟು. ಆದ್ರ ಅದು ಕೆಮ್ಮಿ ಸಾಯೋ ರೋಗ.

ಕೆಲಗೇರಿ_ಕೆರಿದಂಡಿ · 8:20
ಇದು ವೇಪರ್ ಲಾಕ್ ಅದರಿ. ಬ್ಯಾಸಿಗಿ ಝಳ, ಪೈಪಿನೊಳಗ ಪೆಟ್ರೋಲ್ ಆವಿ ಆಗ್ತದ, ಪಂಪಿಗೆ ಎಳೀಲಿಕ್ಕೆ ಬರಂಗಿಲ್ಲ. ಆರಿದ ಮ್ಯಾಲೆ ತಾನ ಸರಿ ಆಗ್ತದ. ಹಳೇ ಅಂಬಾಸಿಡರ್ ಕಾಲದಾಗ ಪಂಪಿನ ಮ್ಯಾಲೆ ಒದ್ದಿ ಅರಬಿ ಹಾಕಿ ಘಾಟ್ ಏರಸ್ತಿದ್ರು.

ಮೀಟರ್_ಹಿಡದಾಂವ · 8:34
ಸರ್, ಅದು ಕಾರ್ಬುರೇಟರ್ ಗಾಡಿಯ ಕಾಯಿಲೆ. ಅದರಲ್ಲಿ ಪಂಪ್ ಇಂಜಿನ್ ಪಕ್ಕದಲ್ಲೇ ಕೂತು ಟ್ಯಾಂಕಿನಿಂದ ಎಳೀತದೆ. ಎಳೆಯೋ ಪೈಪಲ್ಲಿ ಒತ್ತಡ ಕಡಿಮೆ, ಅದಕ್ಕೆ ಪೆಟ್ರೋಲ್ ಬೇಗ ಕುದಿಯುತ್ತೆ. ಎಂಪಿಎಫ್‌ಐನಲ್ಲಿ ಪಂಪ್ ಟ್ಯಾಂಕಿನ ಒಳಗೇ ಮುಳುಗಿರುತ್ತೆ, ಅಲ್ಲಿಂದ ಹಿಡಿದು ಇಂಜೆಕ್ಟರ್‌ವರೆಗೆ 3 ಬಾರ್ ಒತ್ತಡದಲ್ಲಿ ತಳ್ಳುತ್ತೆ. ಒತ್ತಡ ಏರಿದಷ್ಟೂ ಕುದಿಯೋ ಬಿಸಿ ಮೇಲೇರುತ್ತೆ. ಓಡ್ತಾ ಓಡ್ತಾ ಇದು ವೇಪರ್ ಲಾಕ್ ಆಗೋದು ಅಪರೂಪ.

ಕೆಲಗೇರಿ_ಕೆರಿದಂಡಿ · 8:39
ಅಪರೂಪ ಅಂದ್ರ ಆಗೂದs ಇಲ್ಲ ಅಂತಲ್ಲಲಾ.

ಗಿರ್ಮಿಟ್_ಪ್ರೇಮಿ · 8:41
ಎಲ್ಲಾ ಬಿಡ್ರಿ, 20 ಪರ್ಸೆಂಟ್ ಎಥನಾಲ್ ಮಾಡಿದ್ದು ಇದು. 2004ರ ಗಾಡಿ ಅದನ್ನ ಕುಡದ್ರ ಇನ್ನೇನಾಗತೈತಿ?

ಮೀಟರ್_ಹಿಡದಾಂವ · 8:58
ಎಥನಾಲ್ ವಿಚಾರ ಬೇರೆ, ಆದ್ರೂ ಹೇಳ್ತೀನಿ. ಇ20 ಪೆಟ್ರೋಲ್ ಬಂಕಿಗೆ ಬಂದದ್ದು 2023ರ ಫೆಬ್ರುವರಿಯಿಂದ. 2004ರ ಗಾಡಿಯ ರಬ್ಬರು, ಸೀಲು ಅದಕ್ಕೆ ಅಂತ ಮಾಡಿದ್ದಲ್ಲ. ಟ್ಯಾಂಕಿನೊಳಗೆ ಪಂಪಿಗೂ ಮೇಲಿನ ಪ್ಲೇಟಿಗೂ ನಡುವೆ ಒಂದು ಮೋಟು ಹೋಸ್ ಇರುತ್ತೆ, ಅದು ಮೆತ್ತಗಾಗಿ ಸೀಳಿದರೆ ಪಂಪ್ ಹೊಸದಿದ್ದರೂ ಪ್ರೆಷರ್ ಏರಲ್ಲ, ಅಲ್ಲೇ ಸೋರಿ ಟ್ಯಾಂಕಿಗೇ ವಾಪಸ್. ಹಳೇ ಟ್ಯಾಂಕಿನ ತಳದ ಗಸಿಯನ್ನೂ ಎಥನಾಲ್ ಎಬ್ಬಿಸುತ್ತೆ, ಪಂಪಿನ ಬುಡದ ಜಾಳಿಗೆ ಕಟ್ಟುತ್ತೆ. ನಿಂತ ಗಾಡಿಯಲ್ಲಿ ತೇವ ಹೀರಿ ನೀರು ಬೇರೆಯಾಗಿ ತಳಕ್ಕೆ ಕೂರೋದೂ ಉಂಟು. ಆದರೆ ಇದೆಲ್ಲ ಪಿಕಪ್ ಕಳೆದುಕೊಳ್ಳೋ ಲಕ್ಷಣ, ಬರೀ 20 ನಿಮಿಷಕ್ಕೆ ತಾನೇ ವಾಸಿ ಆಗೋದಲ್ಲ.

ಈಗ ಮುಖ್ಯ ವಿಷಯ. ಕೆಟ್ಟುಹೋದ ಕ್ಷಣದಲ್ಲಿ ಏನು ಇಲ್ಲವಾಯಿತು ಅನ್ನೋದನ್ನ ಹಿಡೀಬೇಕು. ಗ್ಯಾರೇಜಿಗೆ ಮುಟ್ಟೋ ಹೊತ್ತಿಗೆ ಗಾಡಿ ಆರಿ ಸರಿಯಾಗಿರುತ್ತೆ, ಮೆಕ್ಯಾನಿಕ್ ಪಾಪ ಏನು ಹುಡುಕಬೇಕು? ಅದಕ್ಕೆ ಡ್ಯಾಶ್‌ಬೋರ್ಡ್ ಮೇಲೆ ಮೂರು ಎಲ್‌ಇಡಿ ಹಚ್ಚಿ.
ಕೆಂಪು: ಇಗ್ನಿಷನ್ ಕಾಯಿಲಿಗೆ (ಪ್ಲಗ್ಗಿಗೆ ಕಿಡಿ ಕೊಡೋದು) ಬರೋ 12 ವೋಲ್ಟ್ ವೈರಿಗೆ.
ಹಳದಿ: ನಾಲ್ಕೂ ಇಂಜೆಕ್ಟರಿಗೆ ಕೂಡಿ ಬರೋ 12 ವೋಲ್ಟ್ ವೈರಿಗೆ (ಮೇನ್ ರಿಲೇ, ಅಂದರೆ ಕರೆಂಟಿನಿಂದ ನಡೆಯೋ ಸ್ವಿಚ್ಚಿನಿಂದ ಬರೋದು).
ಹಸಿರು: ಪಂಪಿನ ಪಾಸಿಟಿವ್ ವೈರಿಗೆ, ಹಿಂದಿನ ಸೀಟಿನ ಕೆಳಗಿನ ಕಪ್ಲರ್‌ನಲ್ಲಿ (ವೈರ್ ಕೂಡಿಸೋ ಪ್ಲಗ್).
ಪ್ರತಿ ಎಲ್‌ಇಡಿಗೆ ಸರಣಿಯಲ್ಲಿ 1 ಕಿಲೋಓಮ್, ಕಾಲು ವ್ಯಾಟ್ ರೆಸಿಸ್ಟರ್. 14 ವೋಲ್ಟಿಗೆ 12 ಮಿಲಿಆಂಪ್ ಹರಿಯುತ್ತೆ, ಸಾಕು. ವೈರ್ ತೆಗೆದುಕೊಂಡ ಜಾಗದಲ್ಲೇ 1 ಆಂಪ್ ಫ್ಯೂಸ್. ನೆಗೆಟಿವ್ ಮೂರಕ್ಕೂ ಒಂದೇ ಕಡೆ, ಬಾಡಿಯ ಬೋಲ್ಟಿಗೆ. ಇಂಜೆಕ್ಟರಿನ ಇನ್ನೊಂದು ವೈರು ಇಸಿಎಂಗೆ (ಇಂಜಿನ್ ನಡೆಸೋ ಕಂಪ್ಯೂಟರ್ ಡಬ್ಬಿ) ಹೋಗೋದು, ಅದಕ್ಕೆ ಕೈ ಹಚ್ಚಬೇಡಿ.
ಸತ್ತಾಗ ಮೂರೂ ಒಟ್ಟಿಗೆ ಆರಿದರೆ ಇಗ್ನಿಷನ್ ಸ್ವಿಚ್ ಕಡೆ. ಕೆಂಪು ಉಳಿದು ಹಳದಿ, ಹಸಿರು ಆರಿದರೆ ಮೇನ್ ರಿಲೇ, ಒಳಗೆ ಸೋಲ್ಡರ್ ಬಿರುಕು ಬಿಟ್ಟಿರಬಹುದು. ಹಸಿರು ಮಾತ್ರ ಮೊದಲು ಆರಿ ಆಮೇಲೆ ಇಂಜಿನ್ ಸತ್ತರೆ ಪಂಪಿನ ರಿಲೇ, ಫ್ಯೂಸು, ವೈರು. ಇಂಜಿನ್ ಮೊದಲು ಸತ್ತು 2 ಸೆಕೆಂಡ್ ಬಿಟ್ಟು ಹಸಿರು ಆರಿದರೆ ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗೋದನ್ನ ಇಸಿಎಂಗೆ ತಿಳಿಸೋದು) ಸಿಗ್ನಲ್ ಇಲ್ಲ, ಅದಕ್ಕೆ ಇಸಿಎಂ ಪಂಪ್ ನಿಲ್ಲಿಸಿದೆ.

ಸ್ಪ್ಯಾನರ್_ಕಾಕಾ · 9:15
ಭಾರಿ ಬರದೀರಿ. ಆದ್ರ ಕಡೀ ಸಾಲಿನ್ಯಾಗ ಒಂದ್ ಎಡವಟ್ಟು ಐತಿ. ಯಾವ ಕಾರಣಕ್ಕ ಸತ್ರೂ ಇಂಜಿನ್ ತಿರಗೋದು ನಿಂತಿತು ಅಂದ್ರ ಇಸಿಎಂ 2 ಸೆಕೆಂಡಿಗೆ ಪಂಪ್ ಬಂದ್ ಮಾಡ್ತೈತಿ. ಅದು ಅದರ ಕೆಲಸ. ಅಪಘಾತ ಆಗಿ ಪೈಪ್ ಹರದ್ರ ಪೆಟ್ರೋಲ್ ಸುರಿಬಾರದು ಅಂತ ಮಾಡ್ಯಾರ. ಹಂಗಾರ ಹಸರು ಆರಿತು ಅಂತ ಸೆನ್ಸರಿಗೆ ಹೋದ್ರ ತಪ್ಪಾಗತೈತಿ.
ಅದಕ್ಕ ಹಿಂಗ ಮಾಡ್ರಿ: ರಸ್ತೆ ಖಾಲಿ ಇದ್ರ, ಬಂದ್ ಬಿದ್ದ ಕೂಡ್ಲೆ ಕ್ಲಚ್ ತುಳೀಬ್ಯಾಡ್ರಿ. 4ನೇ ಗೇರಿನ್ಯಾಗ ಗಾಡಿ ಉರುಳ್ತಾ ಇಂಜಿನ್ನ ತಿರುವತಿರತೈತಿ. 4–5 ಸೆಕೆಂಡ್ ಸಾಕು. ಇಂಜಿನ್ ತಿರಗಕತ್ತೇತಿ, ಆದ್ರೂ ಹಸರು ಆರಿತು, ಮುಳ್ಳು ಸೊನ್ನಿಗೆ ಬಿತ್ತು ಅಂದ್ರ, ಇಸಿಎಂಗೆ ಇಂಜಿನ್ ತಿರಗೋದು ಕಾಣವಲ್ದು. ಅವಾಗ ಕ್ರ್ಯಾಂಕ್ ಸಿಗ್ನಲ್ ಅನ್ನಬೌದು. ಹಸರು ಹತ್ತೇ ಇತ್ತು, ಮುಳ್ಳು ಗಾಡಿ ಜೋಡಿ ಸಾವಕಾಶ ಇಳೀತು ಅಂದ್ರ ಸಿಗ್ನಲ್ ಬರೋಬ್ಬರಿ ಐತಿ, ಪ್ರೆಷರ್ ಕಡೆ ಹೋಗ್ರಿ.

ಮೀಟರ್_ಹಿಡದಾಂವ · 9:19
ಕಾಕಾ ಹೇಳಿದ್ದು ಸರಿ, ನನ್ನ ಸಾಲು ತಿದ್ದಿಕೊಳ್ಳಿ.

ಗಿರ್ಮಿಟ್_ಪ್ರೇಮಿ · 9:22
ಅಣ್ಣಿಗೇರಿ ಹತ್ರ ಬಂದ್ ಬಿದ್ರ 20 ಮಿನಿಟ್ ಎದಕ್ಕ ಸುಮ್ನ ಕುಂದ್ರೋದು? ಒಂದ್ ಪ್ಲೇಟ್ ಮಿರ್ಚಿ ತಿಂದ್ರ ಗಾಡೀನೂ ಆರತೈತಿ 😄

ಮಮ್ಮಿಗಟ್ಟಿ_ಬೈಪಾಸ್ · 9:40
ತಮಾಷೆ ಬಿಟ್ಟು ಒಂದ್ ಮಾತು. ಇಂಜಿನ್ ಸತ್ತ ಮ್ಯಾಲೆ ಬ್ರೇಕ್ ಬೂಸ್ಟರಿನ್ಯಾಗ (ಬ್ರೇಕ್ ತುಳಿಯೋದು ಹಗೂರ ಮಾಡೋ ಡಬ್ಬಿ) ಉಳಿದ ವ್ಯಾಕ್ಯೂಮ್ ಒಂದೆರಡು ಸಲ ತುಳಿಯೂದಕ್ಕ ಅಷ್ಟ ಸಾಕಾಗತೈತಿ. ಪಂಪ್ ಹೊಡದಂಗ ತುಳೀಬ್ಯಾಡ್ರಿ, ಒಮ್ಮೆ ಒತ್ತಿ ಹಿಡೀರಿ. ಪವರ್ ಸ್ಟೀರಿಂಗ್ ಬಿರುಸಾಗತೈತಿ. ಗಾಡಿ ಉರುಳೂಮುಂದ ಕೀಲಿ ಪೂರಾ ಹಿಂದಕ್ಕ ತಿರುವಿದ್ರ ಸ್ಟೀರಿಂಗ್ ಲಾಕ್ ಬೀಳ್ತೈತಿ, ಅದನ್ನ ಮಾತ್ರ ಮಾಡಬ್ಯಾಡ್ರಿ. ಟೆಸ್ಟ್ ಮಾಡೂವಾಗ ಬಾಜೂಕ ಒಬ್ಬರನ್ನ ಕುಂದ್ರಿಸಿಕೊಂಡು ದೀಪಾ ಅವರು ನೋಡ್ಲಿ.

ಗೋಕುಲರೋಡ್_14 · 10:05
ಕಾಯಿಲ್ ಯಾರೂ ಹೇಳವಲ್ರಿ? ಕಾದ್ರ ಒಳಗಿನ ತಂತಿ ಬಿಟ್ಟಕೊಳ್ಳೋದು ಕಾಯಿಲಿನ ಹಳೇ ಚಾಳಿ.

ಸ್ಪ್ಯಾನರ್_ಕಾಕಾ · 10:14
ಡಿಸ್ಟ್ರಿಬ್ಯೂಟರ್ (ಕಿಡಿಯ ಕರೆಂಟ್ ಪ್ಲಗ್ಗಿಗೆ ಹಂಚೋದು) ಇದ್ದು ಒಂದ ಕಾಯಿಲ್ ಇದ್ದ ಗಾಡಿಗೆ ನಿನ್ನ ಮಾತು ಬರೋಬ್ಬರಿ. ಇಂಥಾ ಗಾಡಿಗೆ ಸಾಧಾರಣ ಎರಡು ಕಾಯಿಲ್, ಒಂದು 1 ಮತ್ತು 4ಕ್ಕ, ಇನ್ನೊಂದು 2 ಮತ್ತು 3ಕ್ಕ. ಒಂದು ಹೋದ್ರ ಇನ್ನೆರಡು ಸಿಲಿಂಡರ್ ಮ್ಯಾಲೆ ಗಡಗಡ ಅಂತ ಎಳೀತೈತಿ, ಪೂರಾ ಸಾಯಂಗಿಲ್ಲ. ಎರಡೂ ಒಂದ ಕ್ಷಣಕ್ಕ ಸಾಯಬೇಕಂದ್ರ ಎರಡಕ್ಕೂ ಕೂಡಿದ್ದು ಏನೋ ಹೋಗಿರಬೇಕು. ಮ್ಯಾಲಿನ 12 ವೋಲ್ಟು, ಅರ್ಥಿಂಗು, ಇಲ್ಲಾ ಸಿಗ್ನಲ್. ಹಂಗಂತ ಓಡೋ ಇಂಜಿನ್ನಿನ ಪ್ಲಗ್ ವೈರ್ ಕಿತ್ತು ಕಿಡಿ ನೋಡಬ್ಯಾಡ್ರಿ. ಕಾಯಿಲು ಹೋಗತೈತಿ, ನಸೀಬ್ ಖೊಟ್ಟಿ ಇದ್ರ ಇಸಿಎಂನೂ. ಸ್ಪಾರ್ಕ್ ಟೆಸ್ಟರ್ ಸಿಗತಾವು, ಅದನ್ನ ಹಚ್ರಿ.

ಬ್ಯಾಡಗಿ_ಡೀಸೆಲ್ · ಮಂಗಳವಾರ, ಮುಂಜಾನೆ 6:50
ನಡುವ ಬಾಯಿ ಹಾಕ್ತೀನಿ. ಹಳೇ ಡೀಸೆಲ್ ಗೂಡ್ಸ್ ಗಾಡಿ, ಮೆಕ್ಯಾನಿಕಲ್ ಪಂಪು. ಮೆಣಸಿನಕಾಯಿ ಚೀಲ ಹೇರಿ ಏರು ಏರಬೇಕಾದ್ರ ಬಂದ್ ಬೀಳ್ತೈತಿ, ಹ್ಯಾಂಡ್ ಪಂಪ್ 20 ಸಲ ಒತ್ತಿದ್ರ ಚಾಲೂ. ಇದಕ್ಕೂ ಸೆನ್ಸರ್ ನೋಡಬೇಕೇನ್ರಿ?

ಸ್ಪ್ಯಾನರ್_ಕಾಕಾ · 7:12
ನಿಂದ್ರಾಗ ಸೆನ್ಸರ ಇಲ್ಲಲೋ ತಮ್ಮಾ! ಹ್ಯಾಂಡ್ ಪಂಪ್ ಒತ್ತಿದ್ರ ಹತ್ತತೈತಿ ಅಂದ್ರ ಗಾಳಿ ಎಳಕೊಳ್ಳಾಕತ್ತೇತಿ. ಟ್ಯಾಂಕಿನಿಂದ ಫೀಡ್ ಪಂಪಿಗೆ ಬರೋ ಪೈಪ್ ನೋಡು. ಅದು ಎಳಿಯೋ ಕಡೆ, ಅಲ್ಲಿ ಸೀಳಿದ್ರ ಡೀಸೆಲ್ ಹೊರಗ ಸೋರಂಗಿಲ್ಲ, ಗಾಳಿ ಒಳಗ ಹೋಗತೈತಿ. ಹಂಗಾಗಿ ಒಣಗಿ ಕಾಣತೈತಿ, ಮಂದಿ ಮೋಸ ಹೋಗ್ತಾರ. ಫಿಲ್ಟರಿಗಿಂತ ಮೊದಲ ಒಂದ್ ಅರ್ಧ ಅಡಿ ಪಾರದರ್ಶಕ ಡೀಸೆಲ್ ಪೈಪ್ ಹಾಕಿ ಓಡಿಸು, ಗುಳ್ಳಿ ಕಂಡ್ರ ಹಿಂದಿನಿಂದ ಒಂದೊಂದ ಜಾಯಿಂಟ್ ಬಿಗಿ ಮಾಡ್ಕೋತ ಬಾ. ಬ್ಯಾಂಜೋ ಬೋಲ್ಟಿನ (ಪೈಪ್ ಕೂಡಿಸೋ ಪೊಳ್ಳು ಬೋಲ್ಟು) ತಾಮ್ರದ ವಾಶರ್ ಹಳೇದ ಹಾಕಬ್ಯಾಡ, ಹೊಸಾವು ಹಾಕು. ಏರಿನ್ಯಾಗ ಅಷ್ಟ ಆದ್ರ, ಟ್ಯಾಂಕ್ ಕಾಲು ಭಾಗ ಇದ್ದಾಗ ಅಷ್ಟ ಆದ್ರ, ಟ್ಯಾಂಕಿನೊಳಗಿನ ಎಳಿಯೋ ಪೈಪ್ ಮ್ಯಾಲೆ ಎಲ್ಲೋ ತೂತ ಬಿದ್ದೈತಿ.

ಮೀಟರ್_ಹಿಡದಾಂವ · 7:30
ಅದರ ಜೊತೆ ಇಂಜೆಕ್ಷನ್ ಪಂಪಿನ ಸ್ಟಾಪ್ ಸೊಲೆನಾಯ್ಡ್ (ಕರೆಂಟ್ ಇದ್ದಾಗ ಮಾತ್ರ ಡೀಸೆಲ್ ಬಿಡೋ ವಾಲ್ವು) ಇದ್ದರೆ ಅದನ್ನೂ ನೋಡಿ. ಕೀಲಿ ಆನ್ ಮಾಡಿದಾಗ "ಟಕ್" ಅನ್ನಬೇಕು. ವೈರು ಸಡಿಲ ಇದ್ದು ಗುಂಡಿಯಲ್ಲಿ ಒಂದು ಕ್ಷಣ ಕರೆಂಟ್ ತಪ್ಪಿದರೂ ಡೀಸೆಲ್ ಕಡಿದುಬಿಡುತ್ತೆ.

ಬ್ಯಾಡಗಿ_ಡೀಸೆಲ್ · 7:33
ಹೌದ್ರಿ ಕಾಕಾ, ಟ್ಯಾಂಕ್ ತುಂಬಿದ್ರ ಬಂದ್ ಬೀಳಂಗಿಲ್ಲ. ಪೈಪ್ ಬಿಚ್ಚಿ ನೋಡ್ತೀನಿ. ನಾ ಸುಮ್ನಾದೆ, ನೀವು ಪೆಟ್ರೋಲ್ ಮುಂದುವರ್ಸ್ರಿ.

ನವನಗರದಾಂವ · ಬುಧವಾರ, ರಾತ್ರಿ 8:25
ದೀಪಾ ಹಚ್ಚಿ ಇವತ್ತ ನಲವಡಿ ದಾಟಿದ ಮ್ಯಾಲೆ ಸಿಕ್ಕಿತ್ರಿ. 4ನೇ ಗೇರು, 60 ವೇಗ, ಕ್ಲಚ್ ತುಳೀಲಿಲ್ಲ. ಇಂಜಿನ್ ಎಳೆತಾ ಬಿಟ್ಟಿತು, ಮುಳ್ಳು ಆ ಕ್ಷಣಕ್ಕ 2,200ರಿಂದ ಸೊನ್ನಿಗೆ. ಎರಡೆಣಿಸೂದರಾಗ ಹಸರು ಆರಿತು. ಕೆಂಪು, ಹಳದಿ ಹತ್ತೇ ಇದ್ದುವು. ನಿಂತ ಮ್ಯಾಲೆ ಕೀಲಿ ಆನ್ ಮಾಡಿದ್ರ ಹಸರು 2 ಸೆಕೆಂಡ್ ಹತ್ತಿ ಆರತೈತಿ, ಸೆಲ್ಫ್ ಹೊಡಿಯೂಮುಂದ ಹತ್ತಂಗಿಲ್ಲ. ಮುಚ್ಚಳಾ ತಗದೆ, "ಉಸ್ಸ್" ಬರಲಿಲ್ಲ.

ಸ್ಪ್ಯಾನರ್_ಕಾಕಾ · 8:31
ಸಿಕ್ಕಿತು ನೋಡ್ರಿ. ಕ್ರ್ಯಾಂಕ್ ಸಿಗ್ನಲ್. ಪಂಪ್ ಬದಲಿ ಮಾಡಿದ್ರ ಮತ್ತ ಅಣ್ಣಿಗೇರ್ಯಾಗ ನಿಲ್ಲತಿದ್ರಿ.

ಗೋಕುಲರೋಡ್_14 · 8:33
ಒಪ್ಪಿದೆ ಕಾಕಾ. ಹಂಗಾರ ಸೆನ್ಸರ್ ತಂದು ಹಾಕಿಬಿಡ್ಲಿ.

ಮೀಟರ್_ಹಿಡದಾಂವ · 8:52
ಸಿಗ್ನಲ್ ಇಲ್ಲ ಅಂದರೆ ಸೆನ್ಸರೇ ಹೋಗಿದೆ ಅಂತಲ್ಲ. ಸೆನ್ಸರು, ಕಪ್ಲರು, ವೈರು, ಇಸಿಎಂ: ನಾಲ್ಕು ಜಾಗ.
ಮೊದಲು ಸೆನ್ಸರ್ ಯಾವ ಜಾತಿ ನೋಡಿ. 3 ಪಿನ್ ಇದ್ದ ಮಾತ್ರಕ್ಕೆ ಹಾಲ್ ಸೆನ್ಸರ್ (ಕರೆಂಟ್ ಸಪ್ಲೈ ಬೇಕಾದ ಎಲೆಕ್ಟ್ರಾನಿಕ್ ಜಾತಿ) ಅನ್ನಬೇಡಿ, ಮೂರನೆಯದು ಬರೀ ಶೀಲ್ಡ್ (ಹೊರಗಿನ ವಿದ್ಯುತ್ ಗದ್ದಲ ತಡೆಯೋ ಹೊದಿಕೆ) ಆಗಿರಬಹುದು. ಕಪ್ಲರ್ ಬಿಚ್ಚಿ, ಕೀಲಿ ಆನ್ ಮಾಡಿ, ವೈರಿಂಗ್ ಕಡೆಯ ಪಿನ್‌ಗಳಲ್ಲಿ ವೋಲ್ಟೇಜ್ ನೋಡಿ. ಗಟ್ಟಿ 5 ಇಲ್ಲಾ 12 ವೋಲ್ಟ್ ಸಪ್ಲೈ ಬಂದರೆ ಹಾಲ್. ಅದನ್ನ ಓಮ್ ಮೀಟರಲ್ಲಿ ಅಳೆಯೋದು ವ್ಯರ್ಥ, ಸಿಗ್ನಲ್ ಏರಿಳಿತ ನೋಡಬೇಕು. ಸಪ್ಲೈ ಇಲ್ಲದಿದ್ದರೆ ಒಳಗೆ ಬರೀ ಅಯಸ್ಕಾಂತ, ತಾಮ್ರದ ಸುರುಳಿ. ಅದಕ್ಕೆ ಎರಡು ಪಿನ್ ನಡುವೆ ಓಮ್ ಅಳೀರಿ, ಬಹಳಷ್ಟಕ್ಕೆ 500ರಿಂದ 1,000 ಆಸುಪಾಸು ಇರುತ್ತೆ. ಸೆಲ್ಫ್ ಹೊಡೆಯುವಾಗ ಎಸಿ ವೋಲ್ಟ್ ಸ್ಕೇಲಿನಲ್ಲಿ ಅರ್ಧ ವೋಲ್ಟಿನ ಮೇಲೆ ಬರಬೇಕು.
ಆರಿದಾಗ ಒಮ್ಮೆ, ಬಂದ್ ಬಿದ್ದಾಗ ಒಮ್ಮೆ ಅಳೀರಿ. ಆರಿದ ಸೆನ್ಸರಿನ ಓಮ್ ನೋಡಿ "ಸರಿ ಇದೆ" ಅನ್ನೋದು ಜ್ವರ ಇಳಿದ ಮೇಲೆ ಥರ್ಮಾಮೀಟರ್ ಇಟ್ಟಂಗೆ.

ಕೆಲಗೇರಿ_ಕೆರಿದಂಡಿ · 9:04
ಸೆನ್ಸರ್ ಮ್ಯಾಲೆ ತಣ್ಣೀರ ಹಾಕಿ ನೋಡೂ ಪದ್ಧತಿ ಅದ ಅಲ್ಲೇನ್ರಿ? ಬಂದ್ ಬಿದ್ದಾಗ ಸುರವಿ, ಕೂಡ್ಲೆ ಚಾಲೂ ಆದ್ರ ಸೆನ್ಸರ್ರs.

ಸ್ಪ್ಯಾನರ್_ಕಾಕಾ · 9:09
ಐತ್ರಿ. ಸುರುವೂಕ್ಕಿಂತ ಒದ್ದಿ ಅರಬಿ ಹಿಂಡಿ ಅದರ ಮ್ಯಾಲೆ ಇಡೋದು ಚೊಲೋ. ಕಾದ ಸೈಲೆನ್ಸರ್ ಮ್ಯಾನಿಫೋಲ್ಡ್ ಮ್ಯಾಲೆ ತಣ್ಣೀರ ಬಿದ್ರ ಎರಕದ ಕಬ್ಬಣ ಸೀಳತೈತಿ. ಸೆನ್ಸರ್ ಜಾಗ ಒಂದೊಂದು ಗಾಡ್ಯಾಗ ಒಂದೊಂದು ಕಡೆ: ಕೆಲವಕ್ಕ ಪುಲ್ಲಿ ಕಡೆ ಕೆಳಗ, ಕೆಲವಕ್ಕ ಗೇರ್‌ಬಾಕ್ಸ್ ಗಂಟಲದಾಗ. ಬಿಚ್ಚಿದ್ರ ತುದಿಗೆ ಕಬ್ಬಣದ ಪುಡಿ ಅಂಟಿರತೈತಿ, ಒರಸ್ರಿ.

ಪಾಯಿಂಟ್_ಕಂಡೆನ್ಸರ್ · 9:30
ಒಂದು ಸ್ಕ್ಯಾನರ್ ಹಚ್ಚಿದ್ರ 5 ಮಿನಿಟಿನ ಕೆಲಸ. 500–600 ರೂಪಾಯಿಗೆ ಬ್ಲೂಟೂತ್ ಸ್ಕ್ಯಾನರ್ ಬರತಾವು. ಎದಕ್ಕ ದೀಪಾವಳಿ ಮಾಡಾಕತ್ತೀರಿ?

ಮೀಟರ್_ಹಿಡದಾಂವ · 9:41
2004ರ ಗಾಡಿಗೆ ಅದು ಮಾತಾಡೋದು ಅನುಮಾನ. ನಮ್ಮಲ್ಲಿ ಒಬಿಡಿ (ಗಾಡಿ ತನ್ನ ದೋಷ ತಾನೇ ಗುರುತಿಸೋ ವ್ಯವಸ್ಥೆ) ಕಡ್ಡಾಯ ಆಗಿದ್ದು ಬಿಎಸ್4 ಹೊಗೆ ನಿಯಮದ ಜೊತೆ: ಮೊದಲ ಹಂತ 2010ರ ಏಪ್ರಿಲ್, ಎರಡನೇ ಹಂತ 2013ರ ಏಪ್ರಿಲ್. ಅದಕ್ಕೂ ಹಿಂದಿನ ಗಾಡಿಗಳಲ್ಲಿ ಕಂಪನಿಗೊಂದು ಭಾಷೆ, ಕೆಲವಕ್ಕೆ ಪ್ಲಗ್ಗೇ ಬೇರೆ. ಹಳೇ ಗಾಡಿಗಳ ಸಾಫ್ಟ್‌ವೇರ್ ಇರೋ ಗ್ಯಾರೇಜ್ ಸ್ಕ್ಯಾನರ್ ಬೇಕು. ಕೋಡ್ ಬಂದರೆ ಪಿ0335 ಬರಬಹುದು. ಅದರ ಅರ್ಥ "ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್", "ಸೆನ್ಸರ್ ಬದಲಿಸು" ಅಂತಲ್ಲ. ಸರ್ಕ್ಯೂಟ್ ಅಂದರೆ ವೈರೂ ಬಂತು.

ನವನಗರದಾಂವ · ಶುಕ್ರವಾರ, ಸಂಜೆ 6:40
ಅಳದೀನ್ರಿ. ಸಪ್ಲೈ ಇಲ್ಲ, ಸುರುಳಿ ಜಾತಿದು. ಮುಂಜಾನೆ ಆರಿದಾಗ 860 ಓಮ್. ಇವತ್ತ ಬಂದ್ ಬಿದ್ದ ಕೂಡ್ಲೆ ಸೆನ್ಸರ್ ಪಿನ್ನಿನ್ಯಾಗ 970. ಒದ್ದಿ ಅರಬಿ ಇಟ್ಟೆ, ಫರಕ್ ಬೀಳಲಿಲ್ಲ. 860ರಿಂದ 970 ಅಂದ್ರ ಕೆಟ್ಟೈತಿ ಅಂತ ಹಿಡೀಲ್ಯಾ?

ಗೋಕುಲರೋಡ್_14 · 6:44
110 ಏರೇತಿ. ಕೆಟ್ಟೈತಿ.

ಮೀಟರ್_ಹಿಡದಾಂವ · 6:58
ಇಲ್ಲ, ಸೆನ್ಸರ್ ಸರಿ ಇದೆ. ತಾಮ್ರದ ತಂತಿ ಪ್ರತಿ 10 ಡಿಗ್ರಿಗೆ ಸುಮಾರು 4 ಪರ್ಸೆಂಟ್ ಏರುತ್ತೆ. 860ರಿಂದ 970 ಅಂದರೆ 13 ಪರ್ಸೆಂಟ್ ಹತ್ತಿರ, ಸೆನ್ಸರ್ 30 ಡಿಗ್ರಿ ಚಿಲ್ಲರೆ ಜಾಸ್ತಿ ಕಾದಿದೆ ಅಷ್ಟೇ. ಕೆಟ್ಟದ್ದು ಸಾವಿರಗಟ್ಟಲೆ ಹಾರುತ್ತೆ, ಇಲ್ಲಾ ಪೂರ್ತಿ ಓಪನ್ ತೋರಿಸುತ್ತೆ.
ಈಗ ಸೆನ್ಸರ್ ಕಪ್ಲರ್ ಹಾಕಿ, ಬ್ಯಾಟರಿ ನೆಗೆಟಿವ್ ತೆಗೆದು, ಇಸಿಎಂ ಕಪ್ಲರ್ ಬಿಚ್ಚಿ ಅದೇ ಎರಡು ವೈರನ್ನ ಆ ತುದಿಯಿಂದ ಅಳೀರಿ. ಅಲ್ಲೂ ಅದೇ ಓಮ್ ಬರಬೇಕು. ಒಬ್ಬರು ಮೀಟರ್ ಹಿಡೀರಿ, ಇನ್ನೊಬ್ಬರು ವೈರಿಂಗ್ ಉದ್ದಕ್ಕೂ ಅಲ್ಲಾಡಿಸ್ತಾ ಹೋಗಲಿ. ಪಿನ್ ಒಳಗೆ ಮೀಟರಿನ ಕಡ್ಡಿ ತುರುಕಬೇಡಿ, ಪಿನ್ ಬಾಯಿ ಅಗಲ ಆದರೆ ಹೊಸ ರೋಗ ಶುರು.

ಎರಿಹೊಲ_ಗದಗ · 7:06
ನವನಗರದವ್ರ, ಒಂದ್ ಕೇಳ್ತೀನಿ. ಈ ಗಾಡಿಗೆ ಹಿಂದ ಗ್ಯಾಸ್ ಕಿಟ್ ಇತ್ತೇನ್ರಿ?

ನವನಗರದಾಂವ · 7:08
ಇತ್ರಿ! ಎಲ್‌ಪಿಜಿ. 2 ವರ್ಷದ ಹಿಂದ ತಗಸೇವಿ.

ಎರಿಹೊಲ_ಗದಗ · 7:21
ಹಂಗಾರ ಅಲ್ಲೇ ಕೈ ಹಾಕ್ರಿ. ಗ್ಯಾಸಿನ ಮ್ಯಾಲೆ ಓಡೂಮುಂದ ಕಿಡಿ ಸ್ವಲ್ಪ ಮೊದಲ ಬೀಳಲಿ ಅಂತ ಎಷ್ಟೋ ಕಿಟ್ಟಿನ್ಯಾಗ ಟೈಮಿಂಗ್ ಅಡ್ವಾನ್ಸರ್ ಅಂತ ಸಣ್ಣ ಡಬ್ಬಿ ಹಾಕಿರ್ತಾರ. ಅದನ್ನ ಕ್ರ್ಯಾಂಕ್ ಸೆನ್ಸರಿನ ವೈರ್ ಕತ್ತರಿಸಿ ನಡುವ ಕೂಡಿಸ್ತಾರ. ಕಿಟ್ ತಗಿಯೂಮುಂದ ಡಬ್ಬಿ ಕಿತ್ತು, ಆ ವೈರ್ ಎರಡೂ ಹೊಸದು ಹಾಕೋ ಬದ್ಲಿ ತಿರುವಿ ಟೇಪ್ ಸುತ್ತಿ ಬಿಡ್ತಾರ. ಎರಡು ಮಳಿಗಾಲ ತಡೀತೈತಿ, ಆಮ್ಯಾಲೆ ಹಿಂಗ.

ಸ್ಪ್ಯಾನರ್_ಕಾಕಾ · 7:24
ಗದಗದವ್ರು ಬರೋಬ್ಬರಿ ನರ ಹಿಡದ್ರು. ಇದನ್ನ ಮೊದಲ ಕೇಳಬೇಕಿತ್ತು ನಾವು.

ನವನಗರದಾಂವ · ಶನಿವಾರ, ಮಧ್ಯಾಹ್ನ 1:15
ಸಿಕ್ಕಿತ್ರಿ!! ಇಸಿಎಂ ತುದಿಯಿಂದ ಆರಿದಾಗ 863. ಚಾಲೂ ಮಾಡಿ ಚೊಲೋತ್ನಾಗಿ ಕಾಯಿಸಿ, ಬಂದ್ ಮಾಡಿ ಮತ್ತ ಅಳದ್ರ 1,900, 4,000, ಒಮ್ಮೊಮ್ಮೆ ಪೂರಾ ಓಪನ್. ವೈರಿಂಗ್ ಹಿಡಕೊಂಡು ಹೋದ್ರ ಬ್ಯಾಟರಿ ತಟ್ಟಿ ಕೆಳಗ, ರೇಡಿಯೇಟರ್ ಹೋಸಿಗೆ ತಾಗಿ ಒಂದ್ ಗಂಟು. ಕರೇ ಟೇಪು ಕರಗಿ ಅಂಟಂಟಾಗೇತಿ. ಬಿಚ್ಚಿದ್ರ ಎರಡೂ ವೈರ್ ಬರೀ ತಿರುವಿ ಬಿಟ್ಟಾರ, ತಾಮ್ರ ಹಸರು ಕಿಲುಬು ಹಿಡದು ಕೈಯಾಗ ಪುಡಿ ಬರತೈತಿ. ಶೀಲ್ಡ್ ಕತ್ತರಿಸಿ ಹಂಗ ಬಿಟ್ಟಾರ, ಎಲ್ಲೂ ಕೂಡಿಸಿಲ್ಲ.

ಕೆಲಗೇರಿ_ಕೆರಿದಂಡಿ · 1:30
ಕಾದಾಗಷ್ಟs ಯಾಕ ಬಿಡ್ತಿತ್ತು ಅಂತೀರಿ?

ಮೀಟರ್_ಹಿಡದಾಂವ · 1:48
ತಿರುವಿದ ವೈರು ಬಿಸಿಗೆ ಹಿಗ್ಗಿ ಹಿಡಿತ ಸಡಿಲ ಆಗುತ್ತೆ, ನಡುವೆ ಕಿಲುಬಿನ ಪೊರೆ. ಸಿಗ್ನಲ್ ಇರೋದೇ ಸಣ್ಣದು, ಪೊರೆ ದಾಟೋ ಬಲ ಇಲ್ಲ. ಈ ಸೆನ್ಸರು ವೇಗಕ್ಕೆ ತಕ್ಕಂತೆ ವೋಲ್ಟ್ ಹುಟ್ಟಿಸುತ್ತೆ, ಸೆಲ್ಫ್ ವೇಗದಲ್ಲಂತೂ ತೀರಾ ಕಡಿಮೆ. ಅದಕ್ಕೇ ಒಮ್ಮೆ ಸತ್ತರೆ ಆರೋವರೆಗೆ ಹತ್ತುತ್ತಿರಲಿಲ್ಲ.

ಗೋಕುಲರೋಡ್_14 · 1:55
ಸೋಲ್ಡರ್ ಹಾಕಿ ಟೇಪ್ ಸುತ್ರಿ, ಮುಗೀತು.

ಸ್ಪ್ಯಾನರ್_ಕಾಕಾ · 2:10
14, ನಿಂಗ "ಮುಗೀತು" ಅನ್ನೋದ ಒಂದ್ ರೋಗ ನೋಡು. ಟೇಪ್ ಬ್ಯಾಡ. ಹಿಂಗ ಮಾಡ್ರಿ: ಎರಡೂ ಕಡೆ ತಾಮ್ರ ಮಿಂಚೂತನಕ ಹಿಂದಕ್ಕ ಕತ್ತರಿಸ್ರಿ. ಕಿಲುಬು ವೈರಿನೊಳಗ ಒಂದೆರಡು ಇಂಚು ಏರಿರತೈತಿ. ನಡುವಿನ ತುಂಡಿಗೆ ಶೀಲ್ಡ್ ಇದ್ದ ಎರಡು ಎಳಿ ಕೇಬಲ್ ಹಾಕ್ರಿ. ಎರಡು ಜಾಯಿಂಟ್ ಒಂದರ ಎದುರು ಒಂದು ಬರಬಾರದು, 3–4 ಸೆಂಟಿಮೀಟರ್ ಹಿಂದುಮುಂದು ಇರಲಿ. ವೈರ್ ಕೂಡಿಸೂಕ್ಕಿಂತ ಮೊದಲ ಹೀಟ್ ಶ್ರಿಂಕ್ (ಬಿಸಿಗೆ ಮುದುಡೋ ಕೊಳವಿ) ತೂರ್ಸ್ರಿ, ಆಮ್ಯಾಲೆ ನೆನಪಾದ್ರ ಮತ್ತ ಕತ್ತರಿಸಬೇಕಾಗತೈತಿ. ಅಂಟು ಇದ್ದ ಶ್ರಿಂಕ್ ತಗೋರಿ, ನೀರ ಹೋಗಂಗಿಲ್ಲ.

ಪಾಯಿಂಟ್_ಕಂಡೆನ್ಸರ್ · 2:22
ಬೆಸುಗೆ ಗಾಡ್ಯಾಗ ಹಾಕಬಾರದು. ತವರ ವೈರಿನೊಳಗ ಏರಿ ಬಿರುಸಾಗತೈತಿ, ನಡುಗಿ ನಡುಗಿ ಬೆಸುಗೆ ಮುಗಿಯೋ ಜಾಗದಾಗ ಮುರೀತೈತಿ. ಕ್ರಿಂಪ್ (ಲೋಹದ ಕೊಳವಿಯೊಳಗ ವೈರ್ ಇಟ್ಟು ಒತ್ತೋದು) ಹಾಕ್ರಿ.

ಸ್ಪ್ಯಾನರ್_ಕಾಕಾ · 2:27
ಚೊಲೋ ಕ್ರಿಂಪ್ ಇಕ್ಕಳ ಇದ್ದಾಂವಗ ಕ್ರಿಂಪ್. ಪಕ್ಕಡದಾಗ ಜಜ್ಜಿದ ಕ್ರಿಂಪಿಗಿಂತ ಬೆಸುಗೆ ಲೇಸು, ಎರಡೂ ಬಾಜೂಕ ವೈರ್ ಅಲ್ಲಾಡದಂಗ ಕಟ್ಟಿದ್ರ ಮುರಿಯಂಗಿಲ್ಲ. ಆ್ಯಸಿಡ್ ಫ್ಲಕ್ಸ್ (ಬೆಸುಗೆ ಹಿಡೀಲಿ ಅಂತ ಹಚ್ಚೋದು) ಮಾತ್ರ ಮುಟ್ಟಬ್ಯಾಡ್ರಿ.

ಮೀಟರ್_ಹಿಡದಾಂವ · 2:40
ಎರಡು ಎಚ್ಚರ. ವೈರ್ ಅದಲು ಬದಲು ಮಾಡಬೇಡಿ. ಸುರುಳಿ ಸೆನ್ಸರಿಗೆ ದಿಕ್ಕು ಇದೆ, ಉಲ್ಟಾ ಆದರೆ ಇಸಿಎಂ ಕ್ರ್ಯಾಂಕ್ ಚಕ್ರದ ಹಲ್ಲಿನ ಗುರುತು ತಪ್ಪು ಓದಿ ಟೈಮಿಂಗ್ ಜಾರುತ್ತೆ, ಗಾಡಿ ಚಾಲೂ ಆದರೂ ಮಿಸ್ಸಿಂಗ್ ಹೊಡೆಯುತ್ತೆ. ಇನ್ನೊಂದು, ಶೀಲ್ಡನ್ನ ಇಸಿಎಂ ಕಡೆ ಒಂದೇ ತುದಿಗೆ ಅರ್ಥ್ ಮಾಡಿ. ಎರಡೂ ತುದಿ ಬಾಡಿಗೆ ಕೂಡಿಸಿದರೆ ಶೀಲ್ಡಿನಲ್ಲೇ ಕರೆಂಟ್ ಹರಿದು ಅದೇ ಗದ್ದಲ ಹುಟ್ಟಿಸುತ್ತೆ. ಪ್ಲಗ್ ವೈರು, ಆಲ್ಟರ್ನೇಟರ್ ವೈರಿನಿಂದ ಕನಿಷ್ಠ ನಾಲ್ಕು ಬೆರಳು ದೂರ ಒಯ್ಯಿರಿ.

ಎರಿಹೊಲ_ಗದಗ · 2:52
ಕಿಟ್ಟಿನ ಬ್ಯಾರೆ ಬಾಲಾನೂ ಹುಡುಕ್ರಿ. ಇಂಜೆಕ್ಟರ್ ಬಂದ್ ಮಾಡೋ ಎಮ್ಯುಲೇಟರಿನ ವೈರು, ಪಂಪ್ ಕಡಿಯೋ ರಿಲೇ, ಸ್ವಿಚ್ಚಿನ ಫ್ಯೂಸು. ಒಂದ್ ಕಡೆ ತಿರುವಿ ಬಿಟ್ಟಾಂವ ನಾಕ್ ಕಡೆ ತಿರುವಿರ್ತಾನ. ಆರ್‌ಸಿ ಒಳಗ ಇನ್ನೂ "ಪೆಟ್ರೋಲ್/ಎಲ್‌ಪಿಜಿ" ಅಂತ ಇದ್ರ ಅದನ್ನೂ ಆರ್‌ಟಿಒದಾಗ ತಿದ್ದಸ್ರಿ. 15 ವರ್ಷ ದಾಟಿದ ಗಾಡಿ, ಮುಂದಿನ ರಿನ್ಯೂವಲ್ಲಿಗೆ ತಪಾಸಣೆಗೆ ಹೋದಾಗ ಕಿಟ್ ಎಲ್ಲೈತಿ ಅಂತ ಕೇಳತಾರ.

ನವನಗರದಾಂವ · ಮಂಗಳವಾರ, ರಾತ್ರಿ 9:05
ಶೀಲ್ಡ್ ಕೇಬಲ್ ಹಾಕಿ ಕ್ರಿಂಪ್ ಮಾಡಿಸಿದೆ. ಇಸಿಎಂ ತುದಿಯಿಂದ ಆರಿದಾಗ 861, ಕಾದಾಗ 968, ಅಲ್ಲಾಡಿಸಿದ್ರೂ ಮೀಟರ್ ಜಿಗಿಯಂಗಿಲ್ಲ. ಇಂಜೆಕ್ಟರ್ ವೈರಿನ್ಯಾಗ ಇನ್ನೂ 4 ಟೇಪಿನ ಗಂಟು ಸಿಕ್ಕುವು, ಅವನ್ನೂ ಮಾಡಿಸಿದೆ. ನಿನ್ನಿ, ಇವತ್ತ ಹುಬ್ಬಳ್ಳಿ–ಗದಗ ಹೋಗಿ ಬಂದೆ, ಎಲ್ಲೂ ನಿಂತಿಲ್ರಿ. ಮೂರು ದೀಪಾ ಇನ್ನೊಂದ್ ತಿಂಗಳ ಇರಲಿ ಅಂತ ತಗದಿಲ್ಲ.

ಗಿರ್ಮಿಟ್_ಪ್ರೇಮಿ · 9:11
ಹಂಗಾರ ಅಣ್ಣಿಗೇರಿ ಮಿರ್ಚಿ?

ನವನಗರದಾಂವ · 9:14
ಗಾಡಿ ಬಂದ್ ಮಾಡ್ದ ನಿಂತು ತಿಂದ ಬಂದೇನ್ರಿ.

ಬ್ಯಾಡಗಿ_ಡೀಸೆಲ್ · 9:20
ಕಾಕಾ, ಟ್ಯಾಂಕಿನೊಳಗಿನ ಪೈಪಿಗೆ ತೂತ ಖರೇನ ಬಿದ್ದಿತ್ರಿ, ನಡುಮಟ್ಟ ತುಕ್ಕು ತಿಂದೈತಿ. ಗ್ಯಾಸ್ ಬೆಸುಗೆ ಹಾಕಸ್ಲ್ಯಾ?

ಸ್ಪ್ಯಾನರ್_ಕಾಕಾ · 9:23
ಟ್ಯಾಂಕಿನ್ಯಾಗ ಇಟ್ಟಕೊಂಡು ಹಾಕಸೀಯಲೋ ಮಾರಾಯಾ! ಪೈಪ್ ಹೊರಗ ತಗದು ಹೊಸಾದ ತಾ.